ಬದುಕಿದ ತಪ್ಪಿಗೆ ಹನ್ನೆರಡು ಸೈಪ್ರೆಸ್ ಗಿಡಗಳು

ಸಸಿಗಳನ್ನು ಚೀಲದ ಸಮೇತ ಹೂಳಿಸುವ ಉದ್ಯಾನ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ಸೋಮವಾರ ಆಸ್ಪತ್ರೆ ರಸ್ತೆಯ ಹನ್ನೆರಡು ಸೈಪ್ರೆಸ್ ಗಿಡಗಳನ್ನು ಕೀಳಿಸುವುದಾಗಿ ನೋಟಿಸ್ ಅಂಟಿಸಿದ್ದೀರಿ. ಆ ಗಿಡಗಳ ಮೇಲೆ ನನಗೆ ಕಾಣುವ ಆರೋಪ ಒಂದೇ: ಅವು ಬದುಕಿವೆ.

ನೀವು ಹಾಗೆ ಬರೆದಿಲ್ಲ, ನಿಜ. 'ಗುರುತಿನ ಸಂಖ್ಯೆಯಿಲ್ಲದ ಸಸ್ಯಗಳು' ಎಂದಿದ್ದೀರಿ. ಸಂಖ್ಯೆ ಎಲ್ಲಿ ಹೋಯಿತು? ಅದನ್ನು ನೀವು ಅಚ್ಚು ಹಾಕಿಸಿದ್ದೇ ಸಸಿಯ ಪ್ಲಾಸ್ಟಿಕ್ ಚೀಲದ ಮೇಲೆ. ತಪಾಸಣೆಯ ದಿನ ಸಂಖ್ಯೆ ಕಾಣಲೇಬೇಕೆಂದು ಆದೇಶ ಬೇರೆ. ನಿಮ್ಮ ಮಾಲಿಗಳು ವಿಧೇಯರು. ಚೀಲ ಬಿಚ್ಚದೆ, ಅದರ ಅಂಚನ್ನು ಅಂಗಿಯ ಕಾಲರಿನಂತೆ ಮಣ್ಣಿನ ಮೇಲೆ ಎತ್ತಿ ನಿಲ್ಲಿಸಿ, ನಲವತ್ತೆಂಟು ಸಸಿ ನೆಟ್ಟರು. ಒಳಗಿನ ಬೇರು ಎಲ್ಲಿಗೆ ಹೋದೀತು? ನಿಮ್ಮ ಕಚೇರಿಗೆ ಬಂದ ಅರ್ಜಿದಾರನಂತೆ ಅಲ್ಲಲ್ಲೇ ಸುತ್ತಿ ಸುತ್ತಿ, ಕೊನೆಗೆ ತನ್ನ ಕೊರಳನ್ನೇ ಬಿಗಿದುಕೊಂಡಿತು.

ಉಳಿದ ಹನ್ನೆರಡನ್ನು ನೆಟ್ಟವರು ನಮ್ಮ ಚಿಕ್ಕಪ್ಪ. ನಿಮ್ಮಲ್ಲೇ ಮೂವತ್ತೊಂದು ವರ್ಷದಿಂದ ಮಾಲಿ. ಅವರು ಚೀಲ ಸೀಳಿ, ಸುತ್ತಿಕೊಂಡ ಬೇರನ್ನು ಜಡೆ ಬಿಚ್ಚಿದಂತೆ ಬೆರಳಲ್ಲಿ ಬಿಡಿಸಿ, ಅಗಲವಾದ ಗುಂಡಿಯಲ್ಲಿ, ಬುಡ ಹೂತುಹೋಗದಂತೆ ನೆಲಮಟ್ಟಕ್ಕೆ ನೆಟ್ಟರು. ನಿಮ್ಮ ಮೇಲ್ವಿಚಾರಕರು ತಪಾಸಣೆಗೆ ಬಂದಾಗ, ಚಿಕ್ಕಪ್ಪನಿಗೆ ಬುತ್ತಿ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಚೀಲ ಎಲ್ಲಯ್ಯಾ?"

"ಬಿಚ್ಚಿದೆ ಸಾರ್. ಬೇರು ಇಳೀಬೇಕಲ್ಲ."

"ನಂಬರು?"

"ಚೀಲದ ಮೇಲಿತ್ತು ಸಾರ್."

"ಹಾಗಾದ್ರೆ ಇದು ಇಲಾಖೆ ಗಿಡ ಅಂತ ಹೇಗೆ ಹೇಳ್ತೀಯ?"

ಚಿಕ್ಕಪ್ಪ ತಲೆ ಕೆರೆದುಕೊಂಡರು. "ಚೀಲಾನೇ ನೆಡಬೇಕಂತ ಮೊದ್ಲೇ ಹೇಳಬಾರದಿತ್ತಾ ಸಾರ್, ಗಿಡಾನ ಮನೇಲಿ ಬಿಟ್ಟು ಬರ್ತಿದ್ದೆ."

ಈ ಮಾತಿಗೆ ಅವರು ಅಮಾನತಾದರು.

ಆ ನಲವತ್ತೆಂಟಕ್ಕೆ ನಿಮ್ಮ ಹಸಿರು ನಿಶಾನೆ ಸಿಕ್ಕಿತು. ನಿತ್ಯಹಸಿರು ಜಾತಿಯನ್ನು ಆರಿಸಿದ್ದೇನೋ ಸರಿಯೇ. ವಾರ್ಡಿನ ಕಿಟಕಿಗಳಿಗೆ ವರ್ಷವಿಡೀ ಧೂಳು ತಡೆಯುವ ಮರೆ ಬೇಕಿತ್ತು. ಆದರೆ ಈ ಗಿಡಕ್ಕೊಂದು ಕೆಟ್ಟ ಗುಣವಿದೆ: ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಎಲೆ ಕಂದುವ ಹೊತ್ತಿಗೆ ನೀರು, ಗೊಬ್ಬರ, ಪಶ್ಚಾತ್ತಾಪ ಯಾವುದೂ ನಾಟುವುದಿಲ್ಲ. ಕಳೆದ ವಾರ ಚಿಕ್ಕಪ್ಪ ಒಂದೊಂದರ ತೊಗಟೆಯನ್ನೂ ಉಗುರಿನಿಂದ ಕೆರೆದು ತೋರಿಸಿದರು. ನಲವತ್ತೆಂಟರಲ್ಲಿ ನಲವತ್ತೊಂದರ ಒಳಗೆ ಒಣಕಡ್ಡಿ. ನಿಮ್ಮ ವರದಿಯಲ್ಲಿರುವ ಹಸಿರು ಹಸಿ ಸುಳ್ಳು, ಮಾನ್ಯರೇ. ನಂಬರು ಮಾತ್ರ ಸೊಗಸಾಗಿ ಕಾಣುತ್ತಿದೆ.

ಈಗ ಆ ಹನ್ನೆರಡನ್ನು ಕಿತ್ತು, ಅಲ್ಲೂ ನಂಬರಿರುವ ಚೀಲ ಹೂಳುತ್ತೀರಂತೆ, ಏಕರೂಪತೆಗಾಗಿ. ಹೌದು, ಸ್ವಲ್ಪ ದಿನ ತಾಳಿದರೆ ಇಡೀ ರಸ್ತೆಗೆ ಒಂದೇ ಬಣ್ಣ ಬಂದೀತು.

ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸ್ವೀಕೃತಿ ಮುದ್ರೆ ಬಿತ್ತು, ಅಷ್ಟೇ. ನಿನ್ನೆ ನಾಲ್ಕನೆಯದಕ್ಕೆ ಕೂತಾಗ ಚಿಕ್ಕಪ್ಪ ತಡೆದರು. "ನನ್ನ ಕೆಲ್ಸ ವಾಪಸ್ ಕೇಳಬೇಡಪ್ಪ. ಗಿಡ ಉಳಿಸಿ ಅಂತ ಕೇಳು. ಆಗಲ್ಲ ಅಂದ್ರೆ, ಕೀಳೋದನ್ನಾದ್ರೂ ನನಗೆ ಬಿಡಿ ಅಂತ ಕೇಳು. ಅವರು ಹಗ್ಗ ಕಟ್ಟಿ ಎಳೀತಾರೆ, ಬೇರು ಹರಿದೋಗತ್ತೆ. ಮಣ್ಣಿನ ಹೆಂಟೆ ಸಮೇತ ಎತ್ತಿದ್ರೆ ಒಂದೆರಡಾದ್ರೂ ಬದುಕ್ತವೆ."

ಆದ್ದರಿಂದ ಸೋಮವಾರದ ಆದೇಶವನ್ನು ರದ್ದುಪಡಿಸಿ. ಈ ಪತ್ರ ಮಂಗಳವಾರ ನಿಮ್ಮ ಮೇಜಿಗೆ ಬರುತ್ತದೆಂದು ಬಲ್ಲೆ; ಆದರೂ ಕೇಳುತ್ತಿದ್ದೇನೆ. ಅದು ಆಗದಿದ್ದರೆ, ಭಾನುವಾರ ಒಂದು ದಿನದ ಮಟ್ಟಿಗೆ ಅಮಾನತಾದ ಮಾಲಿಯೊಬ್ಬರಿಗೆ ಆ ಗಿಡಗಳನ್ನು ಮುಟ್ಟಲು ಅನುಮತಿ ಕೊಡಿ. ನಮ್ಮ ಹಿತ್ತಲಲ್ಲಿ ಎರಡಕ್ಕಷ್ಟೇ ಜಾಗವಿದೆ. ಯಾವ ಎರಡು ಎಂದು ಚಿಕ್ಕಪ್ಪನಿಗೆ ಇನ್ನೂ ತೀರ್ಮಾನಿಸಲಾಗಿಲ್ಲ. ದಿನಾ ಬೆಳಿಗ್ಗೆ ರಸ್ತೆಯ ಆಚೆ ಬದಿ ನಿಂತು, ಹನ್ನೆರಡನ್ನೂ ನೋಡಿ, ಸುಮ್ಮನೆ ವಾಪಸ್ ಬರುತ್ತಾರೆ.

ಇಂತಿ,
ಚಿಕ್ಕಪ್ಪನ ಕಡೆಯಿಂದ ಆ ಹನ್ನೆರಡಕ್ಕೂ ಅಣ್ಣನಾಗಬೇಕಾದವನು