ಮನೆಯವರನ್ನು ಕೇಳಿ

ಕುರುಗೋಡು
9-2-2025

ರಾಧಾಳ ಅಪ್ಪನವರಿಗೆ ವಿಜಯಲಕ್ಷ್ಮಿಯ ನಮಸ್ಕಾರಗಳು.

ನಾವು ಕ್ಷೇಮ. ರಾಧಾ ನಿಮ್ಮನ್ನು ಕೇಳುವುದೇ ಇಲ್ಲ ಎಂದು ಬರೆಯಬೇಕೆಂದಿದ್ದೆ. ಸುಳ್ಳು, ಕೇಳುತ್ತಾಳೆ.

ಗೃಹಪ್ರವೇಶದ ಕಾರ್ಡು ಬಂತು. ಜೊತೆಗೆ ನಿಮ್ಮ ಚೀಟಿಯೂ ಬಂತು. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ನಿಮ್ಮ ತಮ್ಮ ಹುಲುಗೇಶನೂ ಬಳ್ಳಾರಿಯಲ್ಲಿ ಮನೆ ನೋಡುತ್ತಿದ್ದಾನೆ, ಕೊಳ್ಳುವ ಮುಂಚೆ ಏನೇನು ನೋಡಬೇಕೆಂದು ಅತ್ತಿಗೆಯನ್ನು ಕೇಳಿ ತಿಳಿಸು ಅಂದಿದ್ದಾನೆ ಎಂದು ಬರೆದಿದ್ದೀರಿ. ಓದಿ ನಗು ಬಂತು, ಆಮೇಲೆ ಅಳು ಬಂತು. ನಾನು ಮನೆ ನೋಡಲು ಹೋದಾಗಲೆಲ್ಲ ಬಾಟಲಿಯಲ್ಲಿ ಅಲ್ಲಿನ ನೀರು ತುಂಬಿಕೊಂಡು ಬಂದು, ಆ ನೀರಿನಲ್ಲಿ ಹಿಡಿ ತೊಗರಿಬೇಳೆ ಬೇಯಿಸಿ ನೋಡುತ್ತಿದ್ದೆ. "ಮನಿ ತಗೊಳ್ಳಾಕ ಬಂದೀಯೋ, ಸಾರು ಮಾಡಾಕ ಬಂದೀಯೋ?" ಎಂದು ಅದೇ ಹುಲುಗೇಶ ಹಲ್ಲು ಕಿಸಿಯುತ್ತಿದ್ದ. ಸವುಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಈಗ ಅವನಿಗೆ ಹೇಳಿ. ಸುಣ್ಣ ಹೊಸದಾಗಿದ್ದರೆ ಗೋಡೆಯ ಬುಡ ಕೆರೆದು ನೋಡಲಿ, ಎರೆಮಣ್ಣಿನ ಮೇಲೆ ಕಟ್ಟಿದ ಮನೆಯ ಬಿರುಕು ಅಲ್ಲೇ ಅಡಗಿರುತ್ತದೆ. ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂದು ಮಾರುವವನನ್ನು ಕೇಳುವುದು ಬೇಡ, ಪಕ್ಕದ ಮನೆಯ ಹೆಂಗಸನ್ನು ಕೇಳಲಿ.

ಇದೆಲ್ಲ ನೋಡಿಯೇ ನಾನು ಸಿರುಗುಪ್ಪ ರಸ್ತೆಯ ಆ ಪುಟ್ಟ ಮನೆಯನ್ನು ಆರಿಸಿದ್ದೆ. ನಾನು ಬೇಡಿದ್ದು ಒಂದೇ: ನೆಲದ ಮೇಲಿನ ಮುಂದಿನ ಕೋಣೆ. ಜೀನ್ಸ್ ಜೇಬು ಹೊಲಿಯುವ ನನ್ನ ಮೋಟಾರು ಮಿಷನ್ನು ಮಹಡಿಯ ಮೇಲೆ ಓಡಿದರೆ ಕೆಳಗಿನವರ ತಲೆ ಕೆಡುತ್ತದೆ. ಬ್ರೂಸ್‌ಪೇಟೆಯ ಬಾಡಿಗೆ ಮನೆಯಲ್ಲಿ ಅದೇ ಮಿಷನ್ನಿಗೆ ನೀವು ಭಾನುವಾರ ಭಾನುವಾರ ಎಣ್ಣೆ ಬಿಡುತ್ತಿದ್ದಿರಿ. "ಆತು, ನೆಲದ ಮನಿನೇ ತಗೊಳ್ಳೋಣ" ಅಂದವರೂ ನೀವೇ. ನಂಬಿದೆ.

ಒಂದು ಮಧ್ಯಾಹ್ನ ದಲ್ಲಾಳಿ ಪಕ್ಕೀರಪ್ಪ ಪೇಡೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದ. "ಮನಿಯವ್ರನ್ನ ಕೇಳೀನಿ, ಒಪ್ಯಾರ ಅಂದ್ರು ನಿಮ್ಮ ಯಜಮಾನ್ರು. ಮಾತು ಮುಗೀತು. ಬಾಯಿ ಸಿಹಿ ಮಾಡ್ಕೊಳ್ರಿ ಯವ್ವಾ" ಅಂದ. ಮನೆಯವರು ಅಂದರೆ ನಾನು, ಮನೆ ಅಂದರೆ ಸಿರುಗುಪ್ಪ ರಸ್ತೆಯದು ಅಂದುಕೊಂಡೆ. ಎರಡು ಪೇಡೆ ತಿಂದೆ.

ಸಂಜೆ ಗೊತ್ತಾಯಿತು, ಅದು ಮೂರನೇ ಮಹಡಿಯ ಫ್ಲಾಟು. ಅಲ್ಲಿ ಮಿಷನ್ ಓಡಿಸಲು ಬಿಡುವುದಿಲ್ಲ. ಕೇಳಿದ್ದಕ್ಕೆ ನೀವು ತಲೆಯನ್ನೂ ಎತ್ತದೆ ಅಂದಿರಿ: "ಅವ್ವನ್ನ ಕೇಳೀನಿ, ಹುಲುಗೇಶನ್ನ ಕೇಳೀನಿ. ಮನಿಯವ್ರು ಅಂದ್ರ ಮತ್ತ ಯಾರು?" ಅತ್ತೆ ಪಾರಮ್ಮನವರು ಒಂದು ಮಾತು ಸೇರಿಸಿದರು: "ಪೇಡೆ ತಿಂದು ಈಗ ಒಲ್ಲೆ ಅಂತೀಯೇನ? ಮಿಷನ್ ಮಾರಿದ್ರಾತು ಬಿಡು." ಅವರ ಮಾತು ಮರೆತೇನು, ನೀವು ಸುಮ್ಮನಿದ್ದದ್ದನ್ನು ಮರೆಯಲಾರೆ. ಮರುದಿನ ಮಿಷನ್ನನ್ನೂ ಮಗಳನ್ನೂ ಕಟ್ಟಿಕೊಂಡು ಇಲ್ಲಿಗೆ, ನನ್ನ ಅವ್ವನ ಮನೆಗೆ ಬಂದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಎರಡನ್ನೂ ನೋಡಿದವಳಿಗೆ ಆಮೇಲೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ.

ಈಗ ಸ್ವಾಮಿಗಳು ಪೂಜೆಗೆ ದಂಪತಿಗಳೇ ಕೂರಬೇಕು ಅಂದಿದ್ದಾರಂತೆ. ಕಾರ್ಡಿನಲ್ಲಿ ನಿಮ್ಮ ಹೆಸರಿನ ಪಕ್ಕ 'ಸೌ. ವಿಜಯಲಕ್ಷ್ಮಿ' ಎಂದು ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸಿದ್ದೀರಿ. ಕಾರ್ಡು ಅಚ್ಚಿಗೆ ಕೊಡುವಾಗಲೂ ನನ್ನನ್ನು ಕೇಳಲಿಲ್ಲ. ಕೊಳ್ಳುವಾಗ ನಾನು ಮನೆಯವಳಲ್ಲ, ಹಾಲು ಉಕ್ಕಿಸುವಾಗ ಮಾತ್ರ ಮನೆಯವಳು. ನಾನು ಬರುವುದಿಲ್ಲ. ಬಂಧುಗಳಿಗೆ ಜ್ವರ ಅಂತ ಹೇಳಬೇಡಿ, ನಾನು ಗಟ್ಟಿಮುಟ್ಟಾಗಿದ್ದೇನೆ.

ಹುಲುಗೇಶನಿಗೆ ಕೊನೆಯ ಮಾತು. ನೀರು, ಗೋಡೆ, ನೆರೆಹೊರೆ ಎಲ್ಲ ಆದ ಮೇಲೆ ಹೆಂಡತಿಯನ್ನು ಕೇಳಲಿ. ಮನೆಯವರು ಎಂದಲ್ಲ, ಹೆಸರು ಹಿಡಿದು ಕೇಳಲಿ.

ಇಂತಿ ನಿಮ್ಮ ಎಂದು ಬರೆಯಲು ಕೈ ಏಳುತ್ತಿಲ್ಲ.
ಇಂತಿ,
ವಿಜಯಲಕ್ಷ್ಮಿ

ತಾ.ಕ.: ಇನ್ನು ಮುಂದೆ ಕುರುಗೋಡಿಗೆ ಬರೆಯಬೇಡಿ. ಸಿರುಗುಪ್ಪ ರಸ್ತೆಯ ಆ ಮನೆ ಇನ್ನೂ ಖಾಲಿ ಇತ್ತು. ಅವ್ವ ಜೊತೆಗೆ ನಿಂತಳು, ಭೋಗ್ಯಕ್ಕೆ ಹಿಡಿದೆ. ನಿಮ್ಮ ಗೃಹಪ್ರವೇಶದ ಶುಕ್ರವಾರವೇ ನಾನೂ ಅಲ್ಲಿ ಹಾಲು ಉಕ್ಕಿಸುತ್ತೇನೆ. ಕರಾರಿನ ದಿನ ಪಕ್ಕೀರಪ್ಪ ತಲೆ ಕೆರೆದುಕೊಂಡು, "ಮನಿಯವ್ರನ್ನ ಕೇಳೀರೇನ್ರಿ ಯವ್ವಾ?" ಅಂದ. ಕೇಳೀನಿ, ಒಪ್ಯಾರ ಅಂದೆ. ಅವನ ಕೈಗೆ ಪೇಡೆ ಇಟ್ಟೆ.