ಹೋಗಬೇಡ ಎಂದ ಕಾರಣ

೩ ಫೆಬ್ರುವರಿ ೧೯೯೮, ಬೆಳಿಗ್ಗೆ

ಮಂಡಿಗೆ ಎಣ್ಣೆ ಹಚ್ಚಿದೆ. ಮೆಟ್ಟಿಲು ಇಳಿಯುವಾಗ ಇನ್ನೂ ನೋವು. ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಲಿಲ್ಲ — ಕಾಲಿನ ನೆಪ. ಧನಶ್ರೀ ಮನಾಲಿಗೆ ಹೊರಟಳು. ಹಿಮದ ಟ್ರೆಕ್ಕಿಗೆ ನಮ್ಮ ಕ್ಲಬ್ಬಿಗೆ ಸಿಕ್ಕಿದ್ದು ಒಂದೇ ಸೀಟು. ನನ್ನದು. ಬಾದಾಮಿಯ ಬಂಡೆಯಿಂದ ಬಿದ್ದೆ, ಅವಳದಾಯಿತು. ಹಗ್ಗಕ್ಕೆ ಗಂಟು ಹಾಕುವುದನ್ನು ಅವಳಿಗೆ ಕಲಿಸಿದ್ದೇ ನಾನು! ನನ್ನ ಬೂಟನ್ನೂ ಕೇಳಿ ಒಯ್ದಳು. ಸರಿಯಾಗಿ ಹೊಂದಿದವಂತೆ.

೯ ಫೆಬ್ರುವರಿ

ಸ್ಟಾಫ್‌ರೂಮಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಧನಶ್ರೀದು ಏನರ ಸುದ್ದಿ ಬಂತೇನ್ರಿ?" ನನ್ನ ಮಂಡಿಯ ಬಗ್ಗೆ ಯಾರೂ ಕೇಳುವುದಿಲ್ಲ.

೧೨ ಫೆಬ್ರುವರಿ, ಸಂಜೆ ೬

ಫೋನ್. ಅವಳೇ. ಕ್ಯಾಂಪಿನ ಕೆಳಗಿನ ಹಳ್ಳಿಯ ಎಸ್‌ಟಿಡಿ ಬೂತಿನಿಂದ.

"ನಿರುಪಮಾ, ಎರಡು ದಿನಾ ಬರೇ ಹಿಮಾ ಬಿತ್ತು. ಸೊಂಟದ ಮಟಾ. ಇವತ್ತ ಛಲೋ ಬಿಸಿಲದ. ನಾಳೆ ಘಾಟ ದಾಟೋಣು ಅನ್ಲಿಕತ್ತಾರ. ಬ್ಯಾಡಾದವರು ಕ್ಯಾಂಪಿನ್ಯಾಗ ಇರ್ರಿ ಅಂದಾರ. ನೀ ಇಷ್ಟೆಲ್ಲಾ ಓದೀದಿ, ಏನಂತಿ?"

ಅವಳ ಹಿಂದೆ ಯಾರೋ ನಗುತ್ತಿದ್ದರು. ಘಾಟಿನ ತುದಿಯಲ್ಲಿ ನನ್ನ ಬೂಟು ಹಾಕಿಕೊಂಡು ನಿಂತ ಧನಶ್ರೀ ಕಣ್ಣೆದುರು ಬಂದಳು.

"ಹೋಗಬ್ಯಾಡ," ಎಂದೆ. "ಹೊಸಾ ಹಿಮಾ ಇನ್ನೂ ಗಟ್ಟಿ ಕೂತಿರೂದಿಲ್ಲ. ಬಿಸಿಲಿಗೆ ಜಾರ್ತದ."

ಪುಸ್ತಕದಲ್ಲಿ ಇದ್ದದ್ದೇ. ಸುಳ್ಳಲ್ಲ. ಆದರೆ ಹೇಳಿದ್ದು ಅದಕ್ಕಲ್ಲ... ಫೋನ್ ಇಟ್ಟ ಮೇಲೆ ಹಾಯೆನಿಸಿತು.

೧೫ ಫೆಬ್ರುವರಿ

ಹಿಮ ಕುಸಿದಿದೆ. ಘಾಟಿಗೆ ಹೊರಟ ಮೂವರು ಸಿಕ್ಕಿಬಿದ್ದರು. ಇಬ್ಬರು ತೀರಿಕೊಂಡರು. ಧನಶ್ರೀ ಕ್ಯಾಂಪಿನಲ್ಲೇ ಉಳಿದಿದ್ದಳು. ಅವಳ ತಾಯಿ ಅಂಬಾಬಾಯಿ ಮಾಳಮಡ್ಡಿಯಿಂದ ನಡೆದೇ ಬಂದರು. ನನ್ನ ಕೈ ಹಿಡಿದು ಅತ್ತರು.

"ನನ್ನ ಮಗಳನ್ನ ನೀನ ಉಳಿಸಿದೆವ್ವಾ."

ಅವರನ್ನು ಕೂರಿಸಿ ಚಹಾ ಮಾಡಿಕೊಟ್ಟೆ.

೧೬ ಫೆಬ್ರುವರಿ

ಪೇಪರಿನಲ್ಲಿ ಅವಳ ಫೋಟೋ. ಕ್ಯಾಂಪಿನಿಂದ ಓಡಿ ಹೋಗಿ, ಸಲಿಕೆಯಿಂದ ಅಗೆದು ಒಬ್ಬನನ್ನು ಜೀವಂತ ಹೊರತೆಗೆದಳಂತೆ. ಇಬ್ಬರು ಸತ್ತಿದ್ದಾರೆ — ನಾನು ಮೊದಲು ಅಂದುಕೊಂಡದ್ದು, ಇದೂ ಅವಳಿಗೇ ಸಿಕ್ಕಿತಲ್ಲ. ಈ ಸಾಲು ಹೊಡೆದುಹಾಕಬೇಕೆನಿಸಿತು. ಹಾಕಲಿಲ್ಲ.

೨೩ ಫೆಬ್ರುವರಿ, ಮಧ್ಯಾಹ್ನ

ಧನಶ್ರೀ ಬಂದಿದ್ದಳು. ಹಿಮದ ಚಳಿಗೆ ಬೆರಳ ತುದಿಗಳು ಕಪ್ಪಾಗಿವೆ. ಲೋಟ ಹಿಡಿಯಲಾಗದೆ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಚಹಾ ಕುಡಿದಳು.

"ಘಾಟಿಗೆ ಹೊಂಟವರಿಗೂ ಹೇಳಿದೆ, ನಿರುಪಮಾ ಹಿಂಗಂದಾಳ ಅಂತ. ನಿನ್ನ ಗೆಳತಿಗೆ ಹೊಟ್ಟಿಕಿಚ್ಚದ ಅಂತ ನಕ್ರು. ಜಗಳಾ ಆಡಿದೆ. ಅಕಿ ಅಂಥಾಕಿ ಅಲ್ಲ ಅಂದೆ."

"ಅವರು ಅಂದದ್ದು ಖರೇನ," ಎಂದೆ.

ಚೇಷ್ಟೆ ಎಂದುಕೊಂಡು ನಕ್ಕಳು. ಮತ್ತೆ ಹೇಳಿದೆ. ನಗು ನಿಂತಿತು.

"ಹಂಗಾರ ಹಿಮಾ ಗಟ್ಟಿ ಇದ್ದಿದ್ರೂ, ಹೋಗಬ್ಯಾಡ ಅಂತಿದ್ದಿ?"

"ಹೂಂ."

ಲೋಟ ಕೆಳಗಿಟ್ಟಳು. ಆಮೇಲೆ ಎದ್ದು, ಹಾಕಿಕೊಂಡು ಬಂದಿದ್ದ ನನ್ನ ಬೂಟನ್ನು ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ ಹೊರಟುಹೋದಳು.