ಕಂದು ಗಂಟಲು

ಶನಿವಾರ, ನವೆಂಬರ್ 15

ಕಪ್ಪು ಬಣ್ಣದ ಪೀಠದ ಮೇಲೆ ಆ ಟ್ರೋಫಿ ಟಿ.ವಿ. ಪಕ್ಕ ಮಿನುಗುತ್ತಿದೆ. ಅತ್ತ ನೋಡಲು ಮನಸ್ಸಿಲ್ಲ.

ಕೊಟ್ಟಾರದಲ್ಲಿ ಇವತ್ತು ಮಕ್ಕಳ ಛದ್ಮವೇಷ ಸ್ಪರ್ಧೆ. ನನ್ನ ಮಗಳು ಮನ್ವಿತಾ, ತಂಗಿ ಸ್ನೇಹಲತಾಳ ಮಗಳು ಪ್ರಾಪ್ತಿ, ಇಬ್ಬರೂ ಕೊಂಬೆಗೆ ಜೋತುಬಿದ್ದು ಅಲುಗದೆ ಇರುವ ಮೂರು ಉಗುರಿನ ಸ್ಲಾತ್‌ಗಳು. ಇಬ್ಬರಿಗೂ ಒಂದೇ ಬೂದು ಬಟ್ಟೆ, ಕಣ್ಣಿನ ಪಕ್ಕ ಒಂದೇ ಕಪ್ಪು ಪಟ್ಟಿ. ಈ ಪ್ರಾಣಿಯ ಎರಡು ಜಾತಿಗಳ ವ್ಯತ್ಯಾಸ ತಿಳಿಯುವುದು ಗಂಟಲಲ್ಲಿ. ಒಂದರದ್ದು ತಿಳಿಹಳದಿ, ಇನ್ನೊಂದರದ್ದು ಕಂದು.

ಹಳದಿ ಬೇಕೆಂದು ಮೊದಲು ಕೇಳಿದ್ದು ಪ್ರಾಪ್ತಿ. ಸ್ಟೇಜಿನ ಲೈಟಿಗೆ ಎದ್ದು ಕಾಣುವುದು ಹಳದಿಯೇ ಎಂದು ನನಗೆ ಗೊತ್ತಿತ್ತು.

"ಕಂದು ಗಂಟಲಿನದ್ದು ಎಷ್ಟೋ ದೇಶಗಳಲ್ಲಿ ಉಂಟು ಮಗಾ. ಹಳದಿಯದ್ದು ಸ್ವಲ್ಪ ಜಾಗದಲ್ಲಿ ಮಾತ್ರ. ನೀನು ದೊಡ್ಡ ಕುಟುಂಬದ್ದಾಗು" ಎಂದೆ.

ಹೇಳಿದ್ದರಲ್ಲಿ ಸುಳ್ಳಿಲ್ಲ. ಅದಕ್ಕೇ ಹೆಚ್ಚು ಚುಚ್ಚುತ್ತದೆ.

ಸ್ಟೇಜಿನ ಮೇಲೆ ಮನ್ವಿತಾ ನಕ್ಕುಬಿಟ್ಟಳು. ಪ್ರಾಪ್ತಿ ಅಲುಗದೆ ಬಿದಿರಿಗೆ ಜೋತುಬಿದ್ದಿದ್ದಳು. ಜಡ್ಜುಗಳ ಕಣ್ಣು ಹಳದಿಯ ಮೇಲೆಯೇ. ಬಹುಮಾನ ಮನ್ವಿತಾಳಿಗೆ. ಚಪ್ಪಾಳೆ ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಪ್ರಾಪ್ತಿ.

ನಮ್ಮಲ್ಲಿ ತಂಗಿಯ ಮಗಳೆಂದರೆ ಸ್ವಂತ ಮಗಳೇ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುವವಳು ನಾನು.

ಈಗಷ್ಟೇ ತೆಂಗಿನೆಣ್ಣೆ ಹಚ್ಚಿ ಪ್ರಾಪ್ತಿಯ ಗಂಟಲಿನ ಬಣ್ಣ ಒರೆಸುತ್ತಿದ್ದೆ.

"ದೊಡ್ಡಮ್ಮ, ಬರುವ ವರ್ಷವೂ ನನಗೆ ಕಂದೇ ಇರಲಿ. ಹಳದಿ ಸಿಗದಿದ್ರೆ ಮನ್ವಿತಾ ಅಳ್ತಾಳೆ ಅಲ್ವಾ?" ಎಂದಳು.

ಆಗಲಾದರೂ ಬೇಡ ಎನ್ನಬಹುದಿತ್ತು.

ಹೂಂ ಎಂದೆ.